ಏಕಾದಶಿಯ ಏಳು ಚುಕ್ಕಿಗಳು

ಆಳಂದ
13-2-1989

ಪ್ರೀತಿಯ ದತ್ತಣ್ಣನಿಗೆ ಉಮಾಳ ನಮಸ್ಕಾರ.

ನಿನ್ನ ಕೆಮ್ಮು ಹೇಗಿದೆ? ಅವ್ವನ ಮೊಣಕಾಲು ನೋವು ಹಾಗೆಯೇ ಇದೆ. ಜೇವರ್ಗಿಯ ವಾಮನ ಕಾಕಾ ಕಳಿಸಿದ ಎಣ್ಣೆಯನ್ನು ಮೊಣಕಾಲಿಗಿಂತ ಸೀರೆಯೇ ಹೆಚ್ಚು ಕುಡಿದಿದೆ. ನಾನು ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ದಿನವೆಲ್ಲ ಹೈಸ್ಕೂಲಿನ ಗಣಿತ, ಸಂಜೆ ನಿನ್ನ ಪಿಎಚ್‌ಡಿಗೆಂದು ನೀನು ಟಪಾಲಿನಲ್ಲಿ ಕಳಿಸುವ ಅಳತೆಗಳು. ನಿನ್ನ ತಾಮ್ರದ ಪೋರ್ಫಿರಿನ್ ಎಂಬ ಬಣ್ಣದ ದ್ರಾವಣದೊಳಗಿನ ಎಲೆಕ್ಟ್ರಾನುಗಳನ್ನು ಮೈಕ್ರೋವೇವ್ ತಟ್ಟಿ ಎಬ್ಬಿಸಿದರೆ, ಮೈಕ್ರೋಸೆಕೆಂಡುಗಳಲ್ಲಿ ಅವುಗಳ ಸ್ಪಿನ್, ಅಂದರೆ ಗಿರಕಿ, ಮತ್ತೆ ವಿಶ್ರಾಂತಿಗೆ ಮರಳುತ್ತದಂತೆ. ಪುಣ್ಯವಂತರು! ಆ ವಿಶ್ರಾಂತಿಯ ಕಾಲಕ್ಕೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಡುತ್ತ ನನಗೆ ಎರಡು ವರ್ಷದಿಂದ ವಿಶ್ರಾಂತಿಯಿಲ್ಲ.

ಹೋದ ಪತ್ರದಲ್ಲಿ ನೀನು ಕುಣಿದಾಡಿದ್ದೆ. ಉಳಿದ ಚುಕ್ಕಿಗಳೆಲ್ಲ ಗೆರೆಯ ಮೇಲಿದ್ದರೆ ಏಳು ಮಾತ್ರ ಕೆಳಗಿಳಿದಿವೆ. ಎಲೆಕ್ಟ್ರಾನು ಬೇಗ ತಣಿಯುವ ಎರಡನೆಯ ದಾರಿ ಸಿಕ್ಕಿತು, ಗುರುಗಳು ಮೆಚ್ಚಿದರು, ತಿಂಗಳ ಕೊನೆಗೆ ಕೊಡುವ ಪ್ರಬಂಧಕ್ಕೆ ಅದೇ ಕಿರೀಟ ಎಂದು. ನಿನ್ನೆ ಆ ಏಳರ ತಾರೀಖುಗಳನ್ನು ಗಟ್ಟಿಯಾಗಿ ಓದುತ್ತ ಕೆಂಪು ಮಸಿಯಲ್ಲಿ ಬರೆಯುತ್ತಿದ್ದೆ. ತೊಗರಿ ಹಸನು ಮಾಡುತ್ತಿದ್ದ ಅವ್ವ ಒಂದು ತಾರೀಖಿಗೆ ತಲೆಯೆತ್ತಿ, "ಅದು ವೈಕುಂಠ ಏಕಾದಶಿ ಅಲ್ಲೇನ ಉಮಾ?" ಎಂದಳು. ಪಂಚಾಂಗ ತೆಗೆದು ನೋಡಿದೆ. ಏಳೂ ಏಕಾದಶಿಯೇ.

ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆ: "ಉಪಾಸದ ದಿನ ಕೈ ನಡಗತಾವ, ಮೂರು ಸಲ ಮಾಡೂದು ಎರಡಕ್ಕ ಮುಗಸ್ತೇನಿ." ಅಳತೆಗೆ ಮುಂಚೆ ಕೊಳವೆಯಲ್ಲಿನ ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸುವ ಕೆಲಸ ಅದು. ಒಳಗುಳಿದ ಆಕ್ಸಿಜನ್ ತಾನೇ ಪುಟ್ಟ ಅಯಸ್ಕಾಂತ, ಅದು ಪಕ್ಕದಲ್ಲಿದ್ದರೆ ಸ್ಪಿನ್ ಬೇಗ ತಣಿಯುತ್ತದೆ ಎಂದು ಕಲಿಸಿದವನೂ ನೀನೇ. ನಿನ್ನ ಎರಡನೆಯ ದಾರಿ ಖಾಲಿ ಹೊಟ್ಟೆಯ ದಾರಿಯೆಂದು ನನ್ನ ಅನುಮಾನ, ಅಣ್ಣಾ. ನಗಿಸಲೆಂದು ಬರೆದೆ, ನನಗೇ ನಗು ಬರಲಿಲ್ಲ. ನಿನಗೆ ಪದವಿ ಸಿಗುವ ತನಕ ನಿನ್ನಿಂದ ಏಕಾದಶಿಯ ಉಪವಾಸ ಹಿಡಿಸುತ್ತೇನೆಂದು ರಾಯರಿಗೆ ಹರಕೆ ಹೊತ್ತವಳು ಅವ್ವ. ಆ ಹರಕೆಯೇ ಪದವಿಗೆ ಅಡ್ಡ ಬಂತೆಂದು ಅವಳಿಗೆ ಯಾವ ಬಾಯಿಂದ ಹೇಳಲಿ?

ಕೆಮ್ಮಿಗೆ ಬಿಸಿನೀರು ಕುಡಿ. ಅವ್ವನ ಆಶೀರ್ವಾದವನ್ನು, ಎಂದಿನ ಬೈಗುಳ ತೆಗೆದು, ಕಳಿಸಿದ್ದೇನೆ.

ನಿನ್ನ ದಣಿದ ತಂಗಿ,
ಉಮಾ

ತಾ.ಕ.: ಟಪಾಲು ಹೊರಡುವ ಹೊತ್ತು. ಪ್ರಬಂಧ ಕೊಡಬೇಡ, ಏಳನ್ನೂ ಮತ್ತೆ ಅಳೆ. ಕಡೆಗೆ ಅವ್ವನಿಗೆ ಹೇಳಿಬಿಟ್ಟೆ. ಮೊರದಲ್ಲಿದ್ದ ತೊಗರಿಯನ್ನು ಪೂರಾ ಹಸನು ಮಾಡಿದಳು. ಆಮೇಲೆ, "ಏಕಾದಶಿಗೆ ನಂದು ಉಪಾಸ ಇದ್ದೇ ಅದ. ಅವನದು ದಶಮಿಗೆ ನಾನಽ ಮಾಡ್ತೇನಿ. ಉಂಡು ಕೊಳವಿ ಹಿಡಿ ಅಂತ ಬರಿ ಅವಂಗ" ಎಂದಳು. ಹೊಟ್ಟೆ ತುಂಬ ಉಣ್ಣು, ಮೂರು ಸಲ ಗಾಳಿ ಎಳೆ, ಬೇಗ ಮುಗಿಸು. ಇಲ್ಲಿ ಅವ್ವ ಎರಡೆರಡು ದಿನ ಉಪವಾಸ ಇರುತ್ತಾಳೆ.