ಹಳದಿ ಗೆರೆ

ಅಪ್ಪಾ,

ಇವತ್ತು ನಿನ್ನ ೧೯೬೯ರ ಮಾಡೆಲ್ ಮಸಲ್ ಕಾರಿನ ಬಾನೆಟ್ ಎತ್ತಿದೆವು. ಭಾನುವಾರ ಟೊಲೀಡೋ ಊರಲ್ಲಿ ಹಳೇ ಕಾರುಗಳ ಶೋ ಇದೆ. ಕಾರು ಆಕ್ಸಲರೇಟರ್ ತುಳಿದಾಗಲೆಲ್ಲ ಮುಗ್ಗರಿಸುತ್ತಿತ್ತು. ಪಕ್ಕದ ಮನೆಯ ಡೆಲ್ಮರ್ ಅಂಕಲ್ ಎಂಜಿನ್ನಿನ ಮುಂದಿನ ಚಕ್ರಕ್ಕೆ ಟಾರ್ಚ್ ಬಿಟ್ಟು ನೋಡಿ ನಕ್ಕರು.

"ಟೈಮಿಂಗ್ ಲೈಟ್ ಹಿಡಿದು ಕಿಡಿ ಹಾರೋ ಟೈಮಿಂಗ್ ಇಟ್ಟೆಯೇನಮ್ಮಾ? ಈ ಚಕ್ರದೊಳಗಿನ ರಬ್ಬರ್ ಹಳೇದಾಗಿ, ಲೈಟ್ ಬಿಟ್ಟು ನೋಡೋ ಗುರುತಿರೋ ಹೊರಬಳೆ ಜಾರಿಬಿಟ್ಟಿದೆ. ಗುರುತೇ ಸುಳ್ಳು! ನಿಮ್ಮಪ್ಪ ಕಿವಿಯಲ್ಲೇ ಕೇಳಿ ಇಡ್ತಿದ್ದನಲ್ಲ, ಮಾರಾಯ್ತಿ."

ಹೌದು, ನೀನು ಹಾಗೇ ಇಡುತ್ತಿದ್ದೆ. ಹೋದ ವರ್ಷ ನಾನು ಲೈಟ್ ಹಿಡಿದು, "ಆರು ಡಿಗ್ರಿ ತಪ್ಪಿದೆ ಅಪ್ಪಾ, ನಿನ್ನ ಕಿವಿ ಹೋಗಿದೆ" ಅಂದೆ. ನಿನ್ನ ಕಾರ್ ಕ್ಲಬ್ಬಿನವರೆಲ್ಲ ನಕ್ಕರು. ನೀನು ಕೈ ಒರೆಸಿಕೊಂಡು ಮನೆಯೊಳಗೆ ಹೋದೆ. ಆಮೇಲೆ ಗ್ಯಾರೇಜಿಗೆ ಬರಲೇ ಇಲ್ಲ. ಫೆಬ್ರವರಿಯಲ್ಲಿ ತೀರಿಕೊಂಡೆ.

"ತಾನು ಇಟ್ಟ ಜಾಗಕ್ಕೆ ಅವನು ಗುರುತು ಹಾಕಿರ್ತಾನೆ, ಹುಡುಕು" ಅಂದರು ಅಂಕಲ್. "ಅಲ್ಲಿಗೆ ತಿರುಗಿಸಿದ್ರೆ ಮುಗೀತು."

ಹಾಕಿದ್ದೆ ನೀನು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಒಂದು ಹಳದಿ ಗೆರೆ. ಅವತ್ತೇ ಲೈಟ್ ನೋಡಿ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಆ ಗೆರೆಯನ್ನು ಪೆಟ್ರೋಲ್ ಬಟ್ಟೆಯಲ್ಲಿ ತಿಕ್ಕಿ ಒರೆಸಿದವಳು ನಾನು.

"ಇಲ್ಲ ಅಂಕಲ್," ಅಂದೆ, "ಅಪ್ಪ ಗುರುತು ಹಾಕ್ತಿರಲಿಲ್ಲ."