ಪಾನಾ ಹಚ್ಚಬಾರದು

ಗೋಕಾಕ, ಜೂನ್ 3, ಸೋಮವಾರ, ಬೆಳಿಗ್ಗೆ 7.40
ಮತ್ತ ನೆಲ ಹಸಿ. ಒರಸಿದೆ. ಮೀನಿನ ಟ್ಯಾಂಕ್ ರಾತ್ರಿಯೊಳಗ ಅರ್ಧ ಬೆರಳು ಇಳದೈತಿ. ತಳಕ್ಕ ಪೈಪ್ ಕೂಡೂ ನಿಪ್ಪಲ್‌ನಿಂದ ಹನಿ... ಹನಿ... ಹೆಂಡತಿ ಕಾಶೆವ್ವ ತೀರಿಕೊಂಡು ಹತ್ತೊಂಬತ್ತು ದಿನ. ಅಕಿ ಇರೂತನಕ ನೆಲ ಹಸಿ ಆಗಿದ್ದು ನೋಡಿಲ್ಲ. ಎಲ್ಲಾ ಅಳಿಯ ದುರ್ಗೇಶನ ಕೆಲಸ. ದಿನಕಾರ್ಯಕ್ಕ ಬಂದಾಗ ಟ್ಯಾಂಕ್ ಬಾಜೂಕ ಸರಿಸಿದ. ಅವತ್ತ ಸಡಲಾತು. ಕೇರ್‌ಲೆಸ್ ಫೆಲೋ.
ಈ ಪೈಪ್ ಯಾಕ ಬೇಕಿತ್ತು? ಟ್ಯಾಂಕಿನ ನೀರು ಬದಲಿಸಾಕ ಬಕೆಟ್ ಎತ್ತೂದು ಮೊಣಕಾಲಿಗೆ ಆಗವಲ್ದು ಅಂದಿದ್ಲು. ಮೀನೂ ನಿಂದ, ನೀರೂ ನಿಂದ ಅಂದಿದ್ದೆ. ಮೂಡಲಗಿ ಪ್ಲಂಬರ್ ರಾಚಪ್ಪನ ಕರಸಿ ತೂತು ಹೊಡಿಸಿ ನಲ್ಲಿ ಕೂಡಿಸಿಕೊಂಡ್ಲು. ಕರಿಬೇವಿಗೆ ನೀರು ಬಿಡೂದು, ಗಾಜಿನ ಮುಂದ ಕುಂತು ಮೀನಿನ ಕೂಡ ಮಾತು. ನನ್ನ ಕೂಡ ಅಷ್ಟ ಮಾತಾಡಿದ್ರ...

ಜೂನ್ 4
ಹುಕ್ಕೇರಿಯಿಂದ ಮಗಳು ಪೂನಮ್ ಫೋನು.
"ಅಪ್ಪಾ, ರವಿವಾರ ಬರ್ತೇನ್ರಿ. ಸೋರೂದು ನಿಂತಿಲ್ಲಂದ್ರ ಮೀನು ಒಯ್ತೇನಿ. ಅಲ್ಲಿದ್ರ ಸಾಯ್ತಾವು."
"ನಾ ಬದುಕಿಲ್ಲೇನು ಇಲ್ಲಿ?"
"ನಿಮ್ಮ ಮಾತು ಬಿಡ್ರಿ."
ಅವ್ವನ ಸೀರಿ ಒಯ್ದ್ಲು, ಭಾಂಡೆ-ಪಾತ್ರಿ ಒಯ್ದ್ಲು. ಮನ್ಯಾಗ ನನ್ನ ಬಿಟ್ರ ಅಲ್ಲಾಡೂವು ಈ ಎರಡು ಮೀನ. ಕೊಡೂದಿಲ್ಲ. ನೋ ಮೀನ್ಸ್ ನೋ.

ಜೂನ್ 6, ಸಂಜಿ
ಮೀನು ಬಕೆಟ್‌ನ್ಯಾಗ. ಟ್ಯಾಂಕ್ ಖಾಲಿ ಮಾಡಿ, ನಿಪ್ಪಲ್‌ಗೆ ಟೇಪು ಹದಿನಾಲ್ಕು ಸುತ್ತು. ಮೋಟರ್ ಬಿಚ್ಚೂ ದೊಡ್ಡ ಪಾನಾ, ಸ್ಪ್ಯಾನರ್, ಹಚ್ಚಿ ಬಿಗಿದೆ. ಧುಪದಾಳ ಒಡ್ಡಿನ ಗೇಟ್ ಮೂವತ್ತೊಂದು ವರ್ಷ ಬಿಗಿದವ, ಇದೇನು ಮಹಾ. ಪ್ರೆಶರ್ ಈಸ್ ಡೈರೆಕ್ಟ್ಲಿ ಪ್ರಪೋರ್ಶನಲ್ ಟು... ಡೆಪ್ತ್? ಕಾಲೇಜು ಬಿಟ್ಟ ಮ್ಯಾಲೆ ಅರ್ಧ ಮರ್ತೈತಿ.
ನೀರು ತುಂಬಿದೆ. ಸೋರಿತು. ಇನ್ನೊಂದು ಸುತ್ತು ಬಿಗಿದೆ. ಕಟ್ ಅಂತು. ತೂತಿನಿಂದ ಗಾಜಿನ ಅಂಚಿನ ತನಕ ಕೂದಲಿನಂಥ ಗೆರಿ.
ಮೀನು ಬಕೆಟ್‌ನ್ಯಾಗ ಉಳದ್ವು.

ಜೂನ್ 8
ರಾಚಪ್ಪ ಬಂದ. ನೋಡಿದ, ನಕ್ಕ.
"ಸರ್, ಲಾರಿ ಗಾಲಿ ಅನ್ಕೊಂಡ್ರೇನ್ರಿ? ನೀರು ತಡ್ಯೂದು ಒಳಗಿನ ರಬ್ಬರ್ ವಾಶರ್. ಅದು ಕಲ್ಲಾಗೈತಿ. ಹೊಸಾದು ಹಾಕಿ ಕೈಲೆ ಬಿಗದಿದ್ರ ಸಾಕಿತ್ತು. ಪಾನಾ ಹಚ್ಚಬಾರ್ದು."
"ದುರ್ಗೇಶ ಎಳದಾಡಿ ಸಡಲ ಮಾಡ್ಯಾನ."
"ಏ, ಅವರನ್ಯಾಕ ಬೈತೀರಿ? ಕಾಶೆವ್ವ ವೈನಿ ಮೂರು ವರ್ಷದ ಹಿಂದ ಫೋನ್ ಮಾಡಿದ್ರು, ಸೋರಾಕತ್ತೈತಿ ಅಂತ. ಸಾಹೇಬ್ರು ಇಲ್ಲದಾಗ ಬಾ ಅಂದ್ರು. ನೀವು ರಿಟೈರ್ ಆಗಿದ್ರಿ... ಮನಿ ಬಿಡ್ಲೇ ಇಲ್ಲ."
ಚಹಾ ಕುಡದು ಹೋದ. ಗಾಜು ಇನ್ನ ತಡ್ಯೂದಿಲ್ಲಂತ.

ಜೂನ್ 9, ರವಿವಾರ
ಪೂನಮ್ ಬಂದ್ಲು. ಚೀಲದಾಗಿಂದ ಸ್ಟೀಲ್ ಬೋಗುಣಿ ತೆಗದ್ಲು. ಒಳಗ ಬಿಳಿ ಸುಣ್ಣದ ಗೆರಿ, ನೀರು ನಿಂತ ಗುರುತು.
"ಭಾಂಡೆದಾಗ ಕೂಡಿ ಬಂದಿತ್ತು. ಇದು ಟ್ಯಾಂಕ್ ಕೆಳಗಿಂದು. ದಿನಾ ನೀವು ಏಳೂದರೊಳಗ ಅವ್ವ ಇದನ್ನ ಕರಿಬೇವಿಗೆ ಚೆಲ್ಲಿ, ಟ್ಯಾಂಕಿಗೆ ಅಷ್ಟ ಹೊಸ ನೀರು ಹಾಕ್ತಿದ್ಲು."
"ನನಗ ಯಾಕ ಹೇಳಲಿಲ್ಲ?"
ಬಕೆಟ್‌ನ್ಯಾಗ ಕೈ ಇಟ್ಟಿದ್ಲು, ಮೀನು ಬಂದು ಬೆರಳು ಮುಟ್ಟಿದ್ವು. ನನ್ನ ಕಡೆ ನೋಡಲಿಲ್ಲ.
"ಹೇಳಿದ್ರ ನೀವು ಪಾನಾ ತಗೊಂಡ ಬರ್ತಿದ್ರಿ."
ನಾಕೂವರಿ ಹುಕ್ಕೇರಿ ಬಸ್ಸಿಗೆ ಮೀನು ಹೋದ್ವು. ಬಕೆಟ್ ಬಸ್ ಹತ್ತಿಸಿದೆ. ಅಕಿ ಎತ್ತತಿದ್ದ ಬಕೆಟ್ ನಾ ಎತ್ತಿದ್ದು ಅದ ಮೊದಲ ಸಲ.

ಜೂನ್ 10, ಬೆಳಿಗ್ಗೆ 5.50
ಎಚ್ಚರಾತು. ಖಾಲಿ ಟ್ಯಾಂಕ್. ನಿನ್ನೆ ಬೋಗುಣಿ ಅದರ ಕೆಳಗ ಇಟ್ಟಿದ್ದೆ, ಯಾಕೋ. ಒಣ ಐತಿ. ಆದ್ರೂ ಎತ್ತಿಕೊಂಡು ಕರಿಬೇವಿನ ತನಕ ಹೋದೆ. ಬಗ್ಗಿಸಿದೆ. ಅಕಿ ದಿನಾ ಇಷ್ಟೊತ್ತಿಗೆ ಇಲ್ಲೇ ನಿಂತು ಬಗ್ಗಸ್ತಿದ್ಲು, ನಾ ಏಳೂದರೊಳಗ.