ಐದಕ್ಕೆ ಮೂರು ಕೂಡಿಸಿದ ದಿನ

ಜೂನ್ ೧೧, ಬುಧವಾರ

ಹಸುಗೂಸುಗಳ ವಾರ್ಡಿಗೆ ನಾನು ಮಾಡಿಕೊಟ್ಟ ತಕ್ಕಡಿಯ ಕಾಟ ಇವತ್ತು ತಪ್ಪಿತು. ನಿನ್ನೆ ತೂಕದ ಜಾಗದಲ್ಲಿ ‘೬೪ಎ’ ಎಂದು ತೋರಿಸಿತ್ತು. “ತೂಕ ಕೇಳಿದ್ರೆ ಇದು ಎಬಿಸಿಡಿ ಹೇಳುತ್ತಲ್ಲಮ್ಮ,” ಎಂದು ಹಿರಿಯ ನರ್ಸ್ ನಕ್ಕಿದ್ದರು.

ಅದು ೧೬೧೦ ಗ್ರಾಮನ್ನೇ ಹದಿನಾರರ ಲೆಕ್ಕದಲ್ಲಿ ತೋರಿಸಿದ್ದು. ಯಂತ್ರದೊಳಗಿನ ಸೊನ್ನೆ-ಒಂದುಗಳನ್ನು ಹತ್ತರ ಲೆಕ್ಕದ ಅಂಕಿಗಳಾಗಿ ಬಿಡಿಸಬೇಕಿತ್ತು. ಆ ಪುಟ್ಟ ಚಿಪ್‌ಗೆ ಭಾಗಾಕಾರ ಬಾರದು. ಬೆಳಿಗ್ಗೆ ಸಿ ಭಾಷೆಯ ಪ್ರೋಗ್ರಾಮಿನ ನಡುವೆಯೇ, ಚಿಪ್‌ನ ಸ್ವಂತ ಭಾಷೆಯಾದ ಅಸೆಂಬ್ಲಿಯ ಒಂದಿಷ್ಟು ಸಾಲು ಸೇರಿಸಿದೆ. ಒಂದೊಂದೇ ಬಿಟ್, ಅಂದರೆ ಒಂದೊಂದೇ ಸೊನ್ನೆಯನ್ನೋ ಒಂದನ್ನೋ, ಎಡಕ್ಕೆ ಸರಿಸುವುದು. ಸರಿಸುವ ಮುನ್ನ ಯಾವ ಅಂಕಿಯಾದರೂ ಐದು ಮುಟ್ಟಿದ್ದರೆ ಅದಕ್ಕೆ ಮೂರು ಕೂಡಿಸುವುದು, ಅಷ್ಟೇ. ಸರಿಸಿದಾಗ ಅಂಕಿ ಇಮ್ಮಡಿಯಾಗುತ್ತದೆ; ಒಂದು ಮನೆ ಹಿಡಿಯುವುದು ಹದಿನೈದರವರೆಗೆ ಮಾತ್ರ, ಆದ್ದರಿಂದ ಐದು-ಮೂರು ಸೇರಿದ ಎಂಟು ಹದಿನಾರಾಗಿ, ಹತ್ತು ತಾನಾಗಿಯೇ ಪಕ್ಕದ ಮನೆಗೆ ದಾಟುತ್ತದೆ. ಕಾಗದದ ಮೇಲೆ ಮಾಡಿ ನೋಡಿದಾಗ ಮೈ ಜುಮ್ಮೆಂದಿತು.

ಮಧ್ಯಾಹ್ನ, ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಅದರ ಎಳೆ ವಯಸ್ಸಿನ ತಾಯಿಯೇ, ನರ್ಸ್ ಹೇಳಿದ್ದಕ್ಕೆ ಹೆದರುತ್ತಲೇ, ತಕ್ಕಡಿಯಲ್ಲಿ ಮಲಗಿಸಿದಳು. ೧೬೪೦ ಬಂತು. ನರ್ಸ್ ಹಳೆಯ ತಕ್ಕಡಿಯಲ್ಲೂ ತೂಗಿ, “ಸರಿಯಾಗಿದೆ. ನಿನ್ನೆಗಿಂತ ಮೂವತ್ತು ಗ್ರಾಂ ಜಾಸ್ತಿ,” ಎಂದರು.

ಇಷ್ಟು ದಿನ ಮಗುವನ್ನು ಮುಟ್ಟಲೂ ಹೆದರುತ್ತಿದ್ದ ಆ ಹುಡುಗಿ ಅದರ ಪಾದ ಹಿಡಿದುಕೊಂಡಳು. “ಅಕ್ಕ, ಇನ್ನೊಂದ್ಸಲ ತೂಗ್ತೀರಾ? ಇವರಪ್ಪನ್ನ ಕರೀತೀನಿ.”

ಮತ್ತೆ ತೂಗಿದೆವು. ಗಂಡ ಹೆಂಡತಿ ಆ ನಾಲ್ಕು ಅಂಕಿಗಳನ್ನೇ ನೋಡುತ್ತ ನಿಂತರು. ಒಳಗೆ ಏನು ನಡೆಯಿತೆಂದು ಸಾಲುಸಾಲಾಗಿ ಬಲ್ಲವಳು ನಾನು. ಆದರೂ ಅವರ ಪಕ್ಕದಲ್ಲಿ ನಿಂತು ನೋಡುವಾಗ ನನಗೂ ಅದು ಲೆಕ್ಕವಾಗಿ ಅಲ್ಲ, ಕೂಸು ಬೆಳೆದ ಮೂವತ್ತು ಗ್ರಾಂ ಆಗಿಯೇ ಕಂಡಿತು.